ಹಳೇ ಮನೆ, ಅಂಬೆಗಾಲಿಡುವ ಮಗು: ಮ್ಯಾಸಚೂಸೆಟ್ಸ್‌ಗೆ ಬಂದವರಿಗೆ

ಬಾಸ್ಟನ್ ಸುತ್ತಮುತ್ತ ಬಾಡಿಗೆಗೆ ಸಿಗುವ ಮೂರಂತಸ್ತಿನ ಮರದ ಮನೆಗಳಲ್ಲಿ ಹಲವು ಸುಮಾರು ನೂರು ವರ್ಷ ಹಳೆಯವು. ಆರು ವರ್ಷದೊಳಗಿನ ಮಗುವಿದ್ದರೆ ಬಾಡಿಗೆ ಎಷ್ಟು ಅಂತ ಕೇಳುವ ಮೊದಲು ಮನೆ ಕಟ್ಟಿದ್ದು ಯಾವಾಗ ಅಂತ ಕೇಳಿ. ಮಕ್ಕಳ ಮಿದುಳಿಗೆ ಹಾನಿ ಮಾಡುವ ಸೀಸ (ಲೆಡ್) ಬೆರೆತ ಬಣ್ಣವನ್ನು ಮನೆಗೆ ಬಳಿಯುವುದನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಹಿಂದಿನ ಮನೆಯಾದರೆ, ಮೇಲೆ ಹೊಸ ಬಣ್ಣ ಹೊಳೆಯುತ್ತಿದ್ದರೂ ಅಡಿಯ ಪದರದಲ್ಲಿ ಸೀಸ ಇರಬಹುದು.

ಕಿಟಕಿಯನ್ನೇ ನೋಡಿ. ಇಲ್ಲಿನ ಹಳೇ ಕಿಟಕಿಗಳನ್ನು ಮೇಲಕ್ಕೆತ್ತಿ ತೆರೆಯಬೇಕು. ಎತ್ತಿ ಇಳಿಸಿದಾಗಲೆಲ್ಲ ಚೌಕಟ್ಟಿಗೆ ಉಜ್ಜಿ, ಬಣ್ಣ ಪುಡಿಯಾಗಿ ಕೆಳಗೆ ಕೂರುತ್ತದೆ. ಮಗು ಅಲ್ಲೇ ಕೈಯೂರಿ ನಿಂತು ಹೊರಗೆ ನೋಡುತ್ತದೆ, ಅದೇ ಕೈ ಬಾಯಿಗೆ ಹೋಗುತ್ತದೆ. ಬಣ್ಣದ ಚಕ್ಕೆ ತಿನ್ನಬೇಕಾಗಿಲ್ಲ, ಆ ಧೂಳೇ ಸಾಕು. ಗುಡಿಸಿದರೆ ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ನೀವೇ ಬಣ್ಣ ಕೆರೆಯಲು ಮಾತ್ರ ಹೋಗಬೇಡಿ.

ಕರಾರಿಗೆ ಸಹಿ ಹಾಕಿಸುವ ಮುಂಚೆಯೇ ಸೀಸದ ಬಗ್ಗೆ ತನಗೆ ಗೊತ್ತಿರುವುದನ್ನು ಮಾಲೀಕ ಬರೆದು ಕೊಡಬೇಕು. 1978ಕ್ಕೂ ಹಿಂದಿನ ಮನೆಯಲ್ಲಿ ಆರು ವರ್ಷದೊಳಗಿನ ಮಗು ವಾಸವಿದ್ದರೆ, ಅಪಾಯವಿರುವ ಬಣ್ಣವನ್ನು ತೆಗೆಸುವ ಅಥವಾ ಮುಚ್ಚಿಸುವ ಹೊಣೆ ಈ ರಾಜ್ಯದಲ್ಲಿ ಅವರದ್ದೇ. ಸೀಸವಿದೆ, ಮಗುವಿರುವವರಿಗೆ ಕೊಡುವುದಿಲ್ಲ ಅನ್ನುವಂತಿಲ್ಲ. ದೂರು ಕೊಟ್ಟರೆಂದು ಮನೆ ಬಿಡಿಸುವಂತೆಯೂ ಇಲ್ಲ. ನಮ್ಮವರು ಅನೇಕರು, ವೀಸಾದಲ್ಲಿದ್ದೀವಿ, ಯಾಕೆ ಜಗಳ ಅಂತ ಸುಮ್ಮನಾಗುತ್ತಾರೆ. ದಯವಿಟ್ಟು ಸುಮ್ಮನಾಗಬೇಡಿ, ವೀಸಾದಲ್ಲಿದ್ದವರಿಗೂ ಇದೇ ಕಾನೂನು. ವಿಳಾಸ ಹಾಕಿ ಆ ಮನೆಯ ಹಿಂದಿನ ತಪಾಸಣೆಯ ದಾಖಲೆ ನೋಡುವ ವ್ಯವಸ್ಥೆಯೂ ರಾಜ್ಯ ಸರ್ಕಾರದ ವೆಬ್‌ಸೈಟಿನಲ್ಲಿದೆ.

ಮಗು ಆಡಿಕೊಂಡಿದೆ, ಚೆನ್ನಾಗಿ ಉಣ್ಣುತ್ತಿದೆ ಅಂತ ಧೈರ್ಯವಾಗಿರಬೇಡಿ. ಸೀಸ ಮಿದುಳಿಗೆ ಮಾಡುವ ಹಾನಿ ಮೇಲ್ನೋಟಕ್ಕೆ ಕಾಣುವುದಿಲ್ಲ, ರಕ್ತಪರೀಕ್ಷೆಯಲ್ಲೇ ತಿಳಿಯಬೇಕು. ಇಲ್ಲಿ 9ರಿಂದ 12 ತಿಂಗಳೊಳಗೆ ಒಮ್ಮೆ, ಆಮೇಲೆ 2 ಮತ್ತು 3ನೇ ವಯಸ್ಸಿನಲ್ಲಿ ಪರೀಕ್ಷೆ ಕಡ್ಡಾಯ. ಬೆರಳು ಚುಚ್ಚಿದಾಗ ಹೆಚ್ಚು ಬಂದರೆ, ಚರ್ಮದ ಮೇಲಿನ ಧೂಳೂ ಸೇರಿರಬಹುದೆಂದು ರಕ್ತನಾಳದಿಂದ ಮತ್ತೆ ರಕ್ತ ತೆಗೆದು ನೋಡುತ್ತಾರೆ. ಒಂದು ಡೆಸಿಲೀಟರ್ ರಕ್ತದಲ್ಲಿ 3.5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂಲ ಹುಡುಕಬೇಕು.

ಆಗ ಡಾಕ್ಟರ್ ಹತ್ತಿರ ಊರಿಂದ ಬಂದ ಕಾಡಿಗೆ, ಸಿಂಧೂರದ ವಿಷಯವನ್ನೂ ಹೇಳಿ. ಅವುಗಳಲ್ಲೂ ಸೀಸ ಸಿಕ್ಕಿದ್ದುಂಟು. ಅಜ್ಜಿ ಬೇಜಾರು ಮಾಡಿಕೊಂಡಾರು ಅಂತ ಮುಚ್ಚಿಡಬೇಡಿ.