ತಿಂಗಳ ದಿನಸಿ ಚೀಟಿ ಒಮ್ಮೆ ನೋಡಿ

"ನಮ್ಮನೇಲಿ ಸಕ್ಕರೆ ಕಮ್ಮಿ" ಅಂತ ನಾನೂ ಹೇಳುತ್ತಿದ್ದೆ. ಹೋದ ತಿಂಗಳು ದಿನಸಿ ಚೀಟಿ ಹಿಡಿದು ಲೆಕ್ಕ ಹಾಕಿದೆ. ನಾಲ್ಕು ಜನಕ್ಕೆ 4 ಕೆಜಿ ಸಕ್ಕರೆ, 1 ಕೆಜಿ ಬೆಲ್ಲ. ಅಂದರೆ ತಲೆಗೆ ದಿನಕ್ಕೆ 40 ಗ್ರಾಂಗಿಂತ ಜಾಸ್ತಿ. ಬಿಸ್ಕತ್ತು, ಜ್ಯೂಸ್ ಬೇರೆ! ದೊಡ್ಡವರಿಗೆ ಸುಮಾರು 50 ಗ್ರಾಂ ಒಳಗಿರಲಿ, 25ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಲ್ಲ ಪರವಾಗಿಲ್ಲ ಅಲ್ವಾ ಅನ್ನಬೇಡಿ, ಅದರಲ್ಲೂ ಹೆಚ್ಚಿನ ಪಾಲು ಸಕ್ಕರೆಯೇ. ಮಿತಿ ಮೀರಿದ ಸಿಹಿಯನ್ನು ಲಿವರ್ ಕೊಬ್ಬಾಗಿ ಬದಲಾಯಿಸುತ್ತದೆ. ಎಣ್ಣೆ ಕಡಿಮೆ ತಿನ್ನುವವರಿಗೂ ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ಏರಲು ಇದೂ ಒಂದು ಕಾರಣ.

ನಾನು ಒಮ್ಮೆಗೇ ಬಿಡಲಿಲ್ಲ. ಕಾಫಿಗೆ ಎರಡು ಚಮಚ ಇದ್ದದ್ದು ಒಂದೂವರೆ, ಹದಿನೈದು ದಿನ ಬಿಟ್ಟು ಒಂದು. ಮೊದಲ ವಾರ ಕಷಾಯ ಕುಡಿದ ಹಾಗಿತ್ತು. ಈಗ ಮದುವೆ ಮನೆ ಕಾಫಿ ಪಾಯಸ ಅನ್ನಿಸುತ್ತದೆ!

ಇನ್ನು ಎಣ್ಣೆ. ಬೋಂಡಾ ಕರಿದದ್ದನ್ನೇ ಮತ್ತೆ ಮತ್ತೆ ಕಾಯಿಸಬೇಡಿ. ಸೋಸಿಟ್ಟು ಒಂದೆರಡು ದಿನದಲ್ಲಿ ಒಗ್ಗರಣೆಗೆ ಮುಗಿಸಿ. ಕಪ್ಪಾಗಿ ನೊರೆ ಬಂದರೆ ಎಸೆಯಿರಿ, ದುಡ್ಡಿನ ಮುಖ ನೋಡಬೇಡಿ. ಅಂದಹಾಗೆ, ಊಟಕ್ಕೆ ಅರ್ಧ ಚಮಚ ತುಪ್ಪ ಬಡಿಸಿದರೆ ಬೈಯುವ ನಮ್ಮ ಯಜಮಾನರು ಸಂಜೆ ಬೇಕರಿ ಪಫ್ಸ್ ಸುಮ್ನೆ ತಿಂದು ಬರುತ್ತಾರೆ. ಅದರಲ್ಲಿರುವ ಕೊಬ್ಬು ಅವರ ಲೆಕ್ಕಕ್ಕೇ ಇಲ್ಲ!

ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳಿಯೇ ಸಿಹಿಯ ಪ್ರಮಾಣ ಬದಲಾಯಿಸಿ.