ಗಾಜಿನ ಕುಲುಮೆಯಲ್ಲಿ ನಾಕ್ಸ್ ತಗ್ಗಿಸುವ ಬಗೆ: ಮೊದಲು ಗಾಳಿಯ ಲೆಕ್ಕ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ನಡುವೆ ಬೆಳೆದವರಿಗೆ, ಹೊಗೆ ಕಪ್ಪಗಿದ್ದರೆ ಉರಿ ಕೆಟ್ಟಿದೆ, ಹೊಗೆ ಕಾಣದಿದ್ದರೆ ಎಲ್ಲವೂ ಸರಿಯಿದೆ ಎಂಬ ಎಣಿಕೆ ತಾನಾಗಿಯೇ ಬಂದಿರುತ್ತದೆ. ಡಿಪ್ಲೊಮಾ ಮುಗಿಸಿ ಗಾಜಿನ ಕಾರ್ಖಾನೆಗೆ ಸೇರುವ ನಮ್ಮೂರಿನ ಹುಡುಗರು ಮೊದಲು ಬಿಡಬೇಕಾದದ್ದು ಈ ಎಣಿಕೆಯನ್ನು. ಭಟ್ಟಿಯ ಕಪ್ಪು ಹೊಗೆ ಗಾಳಿ ಸಾಲದೆ ಹುಟ್ಟುತ್ತದೆ. ಕುಲುಮೆಯ ಸಾರಜನಕದ ಆಕ್ಸೈಡುಗಳು, ಅಂದರೆ ಕೆಲಸದ ಜಾಗದಲ್ಲಿ ಎಲ್ಲರೂ ನಾಕ್ಸ್ ಎನ್ನುವ ಅನಿಲಗಳು, ಕಾವು ಮತ್ತು ಗಾಳಿ ಎರಡೂ ಮಿತಿಮೀರಿದಾಗ ಹುಟ್ಟುತ್ತವೆ. ಅವುಗಳಲ್ಲಿ ಬಹುಪಾಲಿರುವ ನೈಟ್ರಿಕ್ ಆಕ್ಸೈಡಿಗೆ ಬಣ್ಣವೇ ಇಲ್ಲ.

ಗಾಳಿಯಲ್ಲಿ ಶೇ 78ರಷ್ಟು ಸಾರಜನಕವಿದೆ. ಸಾಧಾರಣ ಉರಿಯಲ್ಲಿ ಅದು ತನ್ನ ಪಾಡಿಗೆ ಬಂದು ಹೋಗುತ್ತದೆ. ಆದರೆ ರೀಜನರೇಟರಿನ (ಹೊರಹೋಗುವ ಅನಿಲದ ಕಾವನ್ನು ಹಿಡಿದಿಟ್ಟು ಒಳಬರುವ ಗಾಳಿಗೆ ಕೊಡುವ ಗೂಡು; ಕುಲುಮೆಯ ಎರಡು ಬದಿಯವು ಸರದಿಯಂತೆ ಕೆಲಸ ಮಾಡುತ್ತವೆ) ಇಟ್ಟಿಗೆಗಳ ಮೂಲಕ 1200 ಡಿಗ್ರಿಗೂ ಹೆಚ್ಚು ಕಾದು ಬರುವ ಗಾಳಿಯಲ್ಲಿ ಇಂಧನ ಉರಿದಾಗ ಜ್ವಾಲೆಯ ನಡುಭಾಗ 2000 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ, ಅಲ್ಲಿ ಮಿಕ್ಕ ಆಮ್ಲಜನಕದೊಂದಿಗೆ ಸಾರಜನಕ ಕೂಡಿಕೊಳ್ಳುತ್ತದೆ. ಬ್ಯಾಚಿಗೆ, ಅಂದರೆ ಕುಲುಮೆಗೆ ಹಾಕುವ ಕಚ್ಚಾ ಮಿಶ್ರಣಕ್ಕೆ, ಸೋಡಿಯಂ ನೈಟ್ರೇಟ್ ಹಾಕುವ ಪದ್ಧತಿಯಿದ್ದರೆ ಅದೂ ನಾಕ್ಸ್ ಆಗಿಯೇ ಹೊರಬೀಳುತ್ತದೆ. ಅದನ್ನು ಆದಷ್ಟು ಕಡಿಮೆ ಮಾಡಿ.

ಅಳೆಯುವಾಗ ಜಾಗ ಮುಖ್ಯ. ಚಿಮಣಿಯಲ್ಲಿ ಆಮ್ಲಜನಕ ಶೇ 10 ತೋರಿಸಿದರೆ ಅಷ್ಟೂ ಜ್ವಾಲೆಯಲ್ಲಿ ಮಿಕ್ಕದ್ದೆಂದು ತಿಳಿಯಬಾರದು. ದಾರಿಯಲ್ಲಿನ ಬಿರುಕುಗಳಿಂದ, ದಿಕ್ಕು ಬದಲಿಸುವ ವಾಲ್ವಿನಿಂದ ನುಗ್ಗಿದ ಗಾಳಿಯೂ ಅದರಲ್ಲಿರುತ್ತದೆ. ಆದ್ದರಿಂದ ರೀಜನರೇಟರಿನ ಮೇಲ್ಭಾಗದಲ್ಲಿ, ಅನಿಲ ಹೊರಹೋಗುವ ಬದಿಯಲ್ಲಿ, ಆಮ್ಲಜನಕವನ್ನೂ, ಗಾಳಿ ಸಾಲದಿದ್ದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡನ್ನೂ ಒಟ್ಟಿಗೆ ಅಳೆಯಿರಿ. ಚಿಮಣಿಯ ಅಂಕಿಯನ್ನು ಹೋಲಿಸುವಾಗ ಲೆಕ್ಕ ಹೀಗೆ: ಆಮ್ಲಜನಕ ಶೇ 10 ಇರುವಾಗ ನಾಕ್ಸ್ 600 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 600 ಭಾಗ) ಬಂದಿದ್ದರೆ, ಎಲ್ಲವನ್ನೂ ನೈಟ್ರೋಜನ್ ಡೈಆಕ್ಸೈಡ್ ಎಂದು ಎಣಿಸಿ 2.05ರಿಂದ ಗುಣಿಸಿ, ಘನ ಮೀಟರಿಗೆ 1230 ಮಿಲಿಗ್ರಾಂ. ಇದನ್ನು ಶೇ 8 ಆಮ್ಲಜನಕದ ಆಧಾರಕ್ಕೆ ತರಲು 13ರಿಂದ (ಗಾಳಿಯ ಆಮ್ಲಜನಕ 21ರಲ್ಲಿ 8 ಕಳೆದು) ಗುಣಿಸಿ 11ರಿಂದ (21ರಲ್ಲಿ 10 ಕಳೆದು) ಭಾಗಿಸಿದರೆ ಸುಮಾರು 1454. ನಿಮ್ಮ ಕಾರ್ಖಾನೆಯ ಅನುಮತಿ ಪತ್ರದಲ್ಲಿ ಬೇರೆ ಆಧಾರವಿದ್ದರೆ ಅದನ್ನೇ ಹಿಡಿಯಿರಿ.

ಇನ್ನು ಸೋರಿಕೆ. ಬರ್ನರ್ ಬ್ಲಾಕಿನ (ಬರ್ನರನ್ನು ಕೂರಿಸಿದ ಇಟ್ಟಿಗೆ) ಸುತ್ತಲಿನ ಸಂದು, ಇಣುಕುವ ಕಿಂಡಿ, ಬ್ಯಾಚ್ ಒಳಹೋಗುವ ಬಾಯಿ, ಈ ಮೂರನ್ನು ಪ್ರತಿ ಪಾಳಿಯಲ್ಲೂ ನೋಡಬೇಕು. ಬರ್ನರಿನಿಂದ ರಭಸವಾಗಿ ಹೊಮ್ಮುವ ಅನಿಲ ತನ್ನ ಸುತ್ತಲಿನ ಸಂದಿನಿಂದ ತಣ್ಣನೆಯ ಗಾಳಿಯನ್ನು ಸೆಳೆದುಕೊಳ್ಳುತ್ತದೆ. ಅದು ಸೇರುವುದು ಜ್ವಾಲೆಯ ಬುಡಕ್ಕೇ. ಬೆರಳಗಲದ ಸಂದಿಗೆ ಸಿರಾಮಿಕ್ ಫೈಬರ್ ತುರುಕಿ ಮಣ್ಣು ಮೆತ್ತಿದರೆ ಆಗುವ ಲಾಭವನ್ನು ಅನೇಕರು ನಂಬುವುದಿಲ್ಲ, ಅಷ್ಟು ಅಗ್ಗದ ಕೆಲಸ ಅದು. ಕುಲುಮೆಯೊಳಗಿನ ಒತ್ತಡವನ್ನು ಹೊರಗಿಗಿಂತ ಕೊಂಚವೇ ಹೆಚ್ಚಾಗಿ ಇಡಿ, ಆಗ ಗಾಳಿ ಒಳನುಗ್ಗುವುದಿಲ್ಲ.

ಇಷ್ಟಾದ ಮೇಲೆ ಉರಿಗೆ ಕೊಡುವ ಗಾಳಿಯನ್ನು ಇಳಿಸಿ, ಆದರೆ ನಿಧಾನವಾಗಿ. ಮೊದಮೊದಲು ನಾನು ಒಂದೇ ಪಾಳಿಯಲ್ಲಿ ಅವಸರದಿಂದ ಇಳಿಸಿದ್ದೆ. ನಾಕ್ಸ್ ಬಿದ್ದಿತು ನಿಜ, ಕಾರ್ಬನ್ ಮಾನಾಕ್ಸೈಡ್ ಮೇಲೇರಿತು, ಮರುದಿನ ಬಿಳಿ ಬಾಟಲಿಗಳ ಬಣ್ಣ ಕೆಟ್ಟು ರಾಶಿಗಟ್ಟಲೆ ಚೂರಾಗಿ ಮತ್ತೆ ಕುಲುಮೆಗೇ ಹೋದವು. ಪ್ರತಿ ಬದಲಾವಣೆಯ ನಂತರ ಎರಡೂ ಬದಿಯ ಉರಿಯನ್ನು ಹಲವು ಸರದಿ ನೋಡಿ. ಸರದಿ ಸುಮಾರು 20 ನಿಮಿಷಕ್ಕೊಮ್ಮೆ ಬದಲಾಗುವುದರಿಂದ ಎಡ ಬಲಗಳ ಅಂಕಿ ಒಂದೇ ಆಗಿರುವುದಿಲ್ಲ. ಅಂಬರ್ ಗಾಜು ಗಾಳಿ ಕಡಿಮೆಯಾದರೂ ಸಹಿಸುತ್ತದೆ, ಬಿಳಿ ಗಾಜು ಸಹಿಸುವುದಿಲ್ಲ.

ಗಾಜಿನ ಚೂರನ್ನು ಬ್ಯಾಚಿನಲ್ಲಿ ಹೆಚ್ಚಿಸುವುದು ಎಲ್ಲರಿಗೂ ಸಾಧ್ಯವಾದ ಮಾರ್ಗ. ಚೂರು ಶೇ 10 ಹೆಚ್ಚಾದರೆ ಇಂಧನ ಶೇ 2.5ರಿಂದ 3ರಷ್ಟು ಉಳಿಯುತ್ತದೆ, ಉರಿ ಕಡಿಮೆಯಾದಂತೆ ನಾಕ್ಸೂ ಇಳಿಯುತ್ತದೆ. ಕಡಿಮೆ ನಾಕ್ಸಿನ ಬರ್ನರ್, ವಿದ್ಯುತ್ ಬೂಸ್ಟಿಂಗ್ (ಕರಗಿದ ಗಾಜಿಗೇ ವಿದ್ಯುತ್ ಹರಿಸಿ ಕಾಯಿಸುವುದು) ಇವೆಲ್ಲ ಅದರ ನಂತರದವು. ಅಷ್ಟಕ್ಕೂ ಮಿತಿಗೆ ಬರದಿದ್ದರೆ ಮಾತ್ರ ನಾಕ್ಸನ್ನು ಮತ್ತೆ ಸಾರಜನಕವಾಗಿಸುವ ಅಮೋನಿಯಾ ಮತ್ತು ಕ್ಯಾಟಲಿಸ್ಟಿನ ಘಟಕ ಹಾಕಿಸಿ. ಅದಕ್ಕೆ ಮುಂಚೆ ದೂಳು ಹಿಡಿಯುವ ಫಿಲ್ಟರ್ ಇರಲೇಬೇಕು, ಇಲ್ಲವಾದರೆ ಕ್ಯಾಟಲಿಸ್ಟಿನ ರಂಧ್ರಗಳು ಮುಚ್ಚಿಹೋಗುತ್ತವೆ. ಅಮೋನಿಯಾ ಹೆಚ್ಚಾದರೆ ಅದೇ ಚಿಮಣಿಯಿಂದ ಹೊರಬರುತ್ತದೆ.

ಗಾಳಿಯ ಬದಲು ಶುದ್ಧ ಆಮ್ಲಜನಕದಲ್ಲಿ ಉರಿಸುವ ಕುಲುಮೆಯಲ್ಲಿ ಹೊರಬರುವ ಅನಿಲದ ಪ್ರಮಾಣವೇ ಇಳಿಯುವುದರಿಂದ ಮಿಲಿಗ್ರಾಂ ಲೆಕ್ಕ ದಾರಿ ತಪ್ಪಿಸುತ್ತದೆ. ಒಂದು ಟನ್ ಗಾಜಿಗೆ ಎಷ್ಟು ಕಿಲೋ ಎಂದೇ ಬರೆದಿಡಿ. ಅಲ್ಲಿನ ಜ್ವಾಲೆ ಇನ್ನೂ ಬಿಸಿ, ಆದ್ದರಿಂದ ಒಂದು ಸಣ್ಣ ಸಂದಿನಿಂದ ಒಳಬಂದ ಗಾಳಿಯ ಸಾರಜನಕವೂ ನಾಕ್ಸ್ ಆಗುತ್ತದೆ. ಸಿರಾಮಿಕ್ ಫೈಬರಿನ ಕೆಲಸ ಅಲ್ಲಿಯೂ ತಪ್ಪಿದ್ದಲ್ಲ.