ಘಾತಾಂಕವನ್ನು ಕಣ್ಣಳತೆಗೆ ಬಿಡಬೇಡಿ

ಬೆಳೆಯುವ ಜಾಲವನ್ನು, ಅಂದರೆ ಗಂಟುಗಳನ್ನೂ (ಬಿಂದುಗಳು) ಅವನ್ನು ಜೋಡಿಸುವ ಕೊಂಡಿಗಳನ್ನೂ, ಕಂಪ್ಯೂಟರಿನಲ್ಲಿ ಕಟ್ಟುವುದು ಸುಲಭ. ಕಟ್ಟಿದ್ದನ್ನು ಅಳೆಯುವಾಗ ಎಡವಿದವರನ್ನು ಎಷ್ಟೋ ಸಲ ನೋಡಿದ್ದೇನೆ. ಅಳೆಯಬೇಕಾದ್ದು ಘಾತಾಂಕ: ಕೊಂಡಿಗಳ ಸಂಖ್ಯೆ ಏರಿದಂತೆ ಅಷ್ಟು ಕೊಂಡಿಗಳಿರುವ ಗಂಟುಗಳ ಪಾಲು ಎಷ್ಟು ಬೇಗ ಇಳಿಯುತ್ತದೆ ಎಂದು ಹೇಳುವ ಸಂಖ್ಯೆ.

ಮೊದಲ ಹಂತ: ಮೂರು ಗಂಟುಗಳನ್ನು ಪರಸ್ಪರ ಜೋಡಿಸಿ.

ಎರಡನೆಯದು: ಹೊಸ ಗಂಟುಗಳನ್ನು ಒಂದೊಂದಾಗಿ ಸೇರಿಸುತ್ತಾ, ಪ್ರತಿಯೊಂದಕ್ಕೂ ಎರಡು ಕೊಂಡಿ ಕೊಡಿ. ಹಳೆಯ ಗಂಟಿಗೆ ಕೊಂಡಿಗಳು ಹೆಚ್ಚಿದ್ದಷ್ಟೂ ಅದು ಆಯ್ಕೆಯಾಗುವ ಸಾಧ್ಯತೆ ಅದೇ ಪ್ರಮಾಣದಲ್ಲಿ ಹೆಚ್ಚಬೇಕು. ಬರಬಾಸಿ ಮತ್ತು ಆಲ್ಬರ್ಟ್ 1999ರಲ್ಲಿ ಮುಂದಿಟ್ಟ ಮಾದರಿ ಇದು. ಈ ಸಾಧ್ಯತೆಗಾಗಿ ಪ್ರತಿ ಸಲ ಕೂಡಿ ಭಾಗಿಸುತ್ತಾ ಕೂರಬೇಡಿ. ಕೊಂಡಿ ಹಾಕಿದಾಗಲೆಲ್ಲ ಅದರ ಎರಡೂ ತುದಿಯ ಹೆಸರುಗಳನ್ನು ಒಂದು ಪಟ್ಟಿಗೆ ಬರೆದು, ಮುಂದಿನ ಸಲ ಆ ಪಟ್ಟಿಯಿಂದಲೇ ಚೀಟಿ ಎತ್ತಿ. ಒಂದೇ ಹೆಸರು ಎರಡು ಬಾರಿ ಬಂದರೆ ಮತ್ತೆ ಎತ್ತಿ. ಹೊಸ ಗಂಟಿನ ಹೆಸರು ಪಟ್ಟಿ ಸೇರುವುದು ಅದರ ಎರಡೂ ಆಯ್ಕೆ ಮುಗಿದ ಮೇಲೆ.

ಒಂದು ಲಕ್ಷ ಗಂಟುಗಳಾಗುವವರೆಗೆ ಬೆಳೆಸಿ. ಸಾವಿರಕ್ಕೆ ನಿಲ್ಲಿಸಿದರೆ ಅಳೆಯಲು ಬಾಲವೇ (ಬಹಳ ಕೊಂಡಿಗಳಿರುವ ಕೆಲವೇ ಗಂಟುಗಳು) ಸಿಗುವುದಿಲ್ಲ. ಈಗ ಎರಡೇ ಕೊಂಡಿಗಳಿರುವ ಗಂಟುಗಳನ್ನು ಎಣಿಸಿ: ಸುಮಾರು ಅರ್ಧದಷ್ಟು ಇರಬೇಕು. ಮೂರನೇ ಒಂದು ಭಾಗ ಬಂದರೆ ನೀವು ಎಲ್ಲರನ್ನೂ ಸಮಾನವಾಗಿ ಆರಿಸಿದ್ದೀರಿ ಎಂದರ್ಥ, ಪ್ರೋಗ್ರಾಂ ತಿದ್ದಿ.

ಇನ್ನು ಅಳತೆ. ಯಾವ ಕೊಂಡಿಸಂಖ್ಯೆಗೆ ಎಷ್ಟು ಗಂಟುಗಳು ಎಂದು ತೋರಿಸುವ ಲಾಗ್-ಲಾಗ್ ನಕ್ಷೆಯ (ಎರಡೂ ಅಕ್ಷಗಳಿಗೆ ಲಾಗ್ ಅಳತೆ) ಚುಕ್ಕಿಗಳ ಮೇಲೆ ಸ್ಪ್ರೆಡ್‌ಶೀಟಿನಿಂದ ಸರಳರೇಖೆ ಎಳೆಸಲೇಬೇಡಿ. ಬಾಲದ ತುದಿಯಲ್ಲಿ ಒಂದೊಂದೇ ಗಂಟು ಇರುತ್ತದೆ, ನಡುನಡುವೆ ಸೊನ್ನೆ. ಸೊನ್ನೆಗೆ ಲಾಗ್ ಇಲ್ಲದ್ದರಿಂದ ಅವು ಬಿಟ್ಟುಹೋಗುತ್ತವೆ, ಉಳಿದವು ರೇಖೆಯನ್ನು ತಮ್ಮತ್ತ ಎಳೆಯುತ್ತವೆ. ನೋಡಲು ನಕ್ಷೆ ಬೇಕೇ ಬೇಕೆಂದರೆ ‘ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಕೊಂಡಿಗಳಿರುವ ಗಂಟುಗಳ ಪಾಲು’ ಬರೆಯಿರಿ. ಅದರ ಇಳಿಜಾರು ಘಾತಾಂಕಕ್ಕಿಂತ ಒಂದು ಕಡಿಮೆ. ಇಳಿಜಾರು 2 ಎಂದು ಓದಿ ಘಾತಾಂಕವೂ 2 ಎಂದು ಬರೆದುಬಿಡುವವರು ಬಹಳ.

ಸಂಖ್ಯೆಯನ್ನು ಲೆಕ್ಕದಿಂದಲೇ ತೆಗೆಯಿರಿ. 20 ಮತ್ತು ಅದಕ್ಕಿಂತ ಹೆಚ್ಚು ಕೊಂಡಿಗಳಿರುವ ಗಂಟುಗಳನ್ನು ಮಾತ್ರ ಇಟ್ಟುಕೊಳ್ಳಿ. ಸುಮಾರು 1,400 ಉಳಿಯುತ್ತವೆ. ಪ್ರತಿಯೊಂದರ ಕೊಂಡಿಸಂಖ್ಯೆಯನ್ನು 19.5ರಿಂದ ಭಾಗಿಸಿ, ಸ್ವಾಭಾವಿಕ ಲಾಗ್ ತೆಗೆದು, ಎಲ್ಲವನ್ನೂ ಕೂಡಿ. ಗಂಟುಗಳ ಸಂಖ್ಯೆಯನ್ನು ಆ ಮೊತ್ತದಿಂದ ಭಾಗಿಸಿ ಒಂದು ಸೇರಿಸಿದರೆ ಘಾತಾಂಕ 2.9ರ ಆಸುಪಾಸು ಬರುತ್ತದೆ. ಸಿದ್ಧಾಂತ ಹೇಳುವುದು 3. 20ರ ಗಡಿಯನ್ನು ಮೇಲೇರಿಸಿದಂತೆ ಅದರತ್ತ ಸರಿಯುತ್ತದೆ, ಆದರೆ ಗಂಟುಗಳು ಕಡಿಮೆಯಾಗಿ ಉತ್ತರ ಅಲುಗಾಡತೊಡಗುತ್ತದೆ. 20ರಿಂದ ಆರಂಭಿಸುವುದೇ ನನ್ನ ಪದ್ಧತಿ. 2ರಿಂದಲೇ ಅಳೆದರೆ ಉತ್ತರ ಬಹಳ ಕೆಳಗಿಳಿಯುತ್ತದೆ.

ಹೊಸ ಗಂಟಿನ ಕೊಂಡಿಗಳನ್ನು ಎರಡರಿಂದ ಐದಕ್ಕೇರಿಸಿದರೂ ಘಾತಾಂಕ 3 ಬದಲಾಗದು. 2.5 ಬೇಕಿದ್ದರೆ ಎರಡು ಕೊಂಡಿಯ ಜಾಲದಲ್ಲೇ ಪಟ್ಟಿಯನ್ನು ತಿದ್ದಿ: ಹೊಸ ಗಂಟು ಬಂದಾಗ ಅದರ ಹೆಸರನ್ನು ಎರಡು ಸಲದ ಬದಲು ಒಂದೇ ಸಲ ಬರೆಯಿರಿ.